ತಲೆ ಸಮೇತ

ಶನಿವಾರ. ಲೋಕ ಅದಾಲತ್ತು.
ಶಿವಮೊಗ್ಗದ ಕೋರ್ಟಿನ ಮೆಟ್ಟಿಲ ತುಂಬ ಊರುಗೋಲು,
ಎಕ್ಸ್‌ರೇ ಲಕೋಟೆ, ಬುತ್ತಿ ಡಬ್ಬಿ.
ಇನ್ಶೂರೆನ್ಸಿನವನು ನಾಲ್ಕು ಲಕ್ಷದಿಂದ ಏದುತ್ತ ಏದುತ್ತ ಹತ್ತಿ
ಆರು ಲಕ್ಷ ನಲವತ್ತು ಸಾವಿರಕ್ಕೆ ನಿಂತ.
ಬೇಬಕ್ಕ ಸಹಿ ಹಾಕಿದಳು, ದುಂಡಗೆ, ನಿಧಾನ.
ಪೆನ್ನಿಗೂ ಒಂದಿಷ್ಟು ಬಂಗುಡೆಯ ವಾಸನೆ.

ಮೀನು ಮಾರ್ಕೆಟ್ಟಿನಲ್ಲಿ ಐಸಿನ ಲಾರಿ
ಹಿಂದೆ ನೋಡದೆ ಹಿಂದೆ ಬಂದದ್ದು ಮೂರು ವರ್ಷದ ಕೆಳಗೆ.
ಎಡಗಾಲ ಹಿಮ್ಮಡಿ ಇನ್ನೂ ನೆಲ ಮುಟ್ಟುವುದಿಲ್ಲ.
ಅವತ್ತೇ ನಮ್ಮ ಸಾಹೇಬರು ಆಸ್ಪತ್ರೆ ಮಂಚದ ಪಕ್ಕ ನಿಂತು ಅಂದಿದ್ದರು:
'ಬಂದರೆ ನೂರಕ್ಕೆ ಇಪ್ಪತ್ತು.
ಬರದಿದ್ದರೆ ಒಂದು ಟೀ ಕೂಡ ನಿಮ್ಮ ಲೆಕ್ಕಕ್ಕಲ್ಲ.'

ಇದನ್ನು ಎಲ್ಲೂ ಬರೆಯುವಂತಿಲ್ಲ.
ಗೆಲುವಿನಲ್ಲಿ ವಕೀಲ ಪಾಲು ಕೇಳಬಾರದೆಂದು ನಿಯಮವಿದೆ.
ಅದಕ್ಕೇ ಅದು ಎಲ್ಲರಿಗೂ ಬಾಯಿಪಾಠ.

ಖರ್ಚಿನ ಪಟ್ಟಿ ಮಾತ್ರ ನನ್ನ ಕೈಬರಹ.
ನಾನು ಗುಮಾಸ್ತ, ಹೆಸರು ಮಂಜಪ್ಪಯ್ಯ,
ಇಪ್ಪತ್ತಾರು ವರ್ಷದಿಂದ ಇದೇ ಕಾಲು ಅಲ್ಲಾಡುವ ಮೇಜು.
ಮೂಳೆ ಡಾಕ್ಟರು ಸಾಕ್ಷಿಗೆ ಬಂದ ದಿನದ್ದು,
ಬರುತ್ತೇನೆಂದು ಬರದ ದಿನದ್ದು,
ಸ್ಟೇಷನ್ನಿನ ನಕಲು, ಟೈಪು, ಜೆರಾಕ್ಸು, ನೋಟೀಸಿನ ಫೀಸು,
ಯಾವುದಕ್ಕೆಂದು ನೆನಪಾಗದ ಇನ್ನೂರು.
ಕೂಡಿದರೆ ನಲವತ್ತು ಸಾವಿರ.
ಅಷ್ಟು ಗುಂಡಗೆ ಬಂದದ್ದಕ್ಕೆ ನನಗೇ ನಾಚಿಕೆ.

ಆಫೀಸಿನ ಬೆಂಚಿನಲ್ಲಿ ಕಾಲು ನೀಡಿಕೊಂಡು
ಬೇಬಕ್ಕ ಪಟ್ಟಿಯನ್ನು ಎರಡು ಸಲ ಓದಿದಳು.
'ಸಾರ್, ಒಂದು ಮಾತು.
ನೂರಕ್ಕೆ ಇಪ್ಪತ್ತು ಸರಿ. ಯಾವ ನೂರಕ್ಕೆ?
ಖರ್ಚು ತೆಗೆಯೋ ಮುಂಚಿನದಕ್ಕಾ, ತೆಗೆದ ಮೇಲಿನದಕ್ಕಾ?
ಮುಂಚೆ ಆದರೆ ನನ್ನ ಕೈಗೆ ನಾಲ್ಕು ಎಪ್ಪತ್ತೆರಡು.
ಆಮೇಲೆ ಆದರೆ ನಾಲ್ಕು ಎಂಬತ್ತು.'

ಬಾಯಲ್ಲೇ ಲೆಕ್ಕ. ನಾನಿನ್ನೂ ಕ್ಯಾಲ್ಕುಲೇಟರಿನ
ಒತ್ತದ ಗುಂಡಿಯನ್ನು ಒತ್ತುತ್ತಲೇ ಇದ್ದೆ.

ಸಾಹೇಬರು ಕನ್ನಡಕ ತೆಗೆದರು.
ಅವರ ಡ್ರಾಯರಿನಲ್ಲಿ ಇನ್ನೊಂದು ಪುಸ್ತಕವಿದೆ, ನನಗೆ ಗೊತ್ತು,
ಸೋತ ಕೇಸುಗಳದ್ದು:
ಲೈಸೆನ್ಸಿಲ್ಲದ ಟ್ರ್ಯಾಕ್ಟರು, ತಿರುಗಿ ನಿಂತ ಸಾಕ್ಷಿ,
ಭದ್ರಾವತಿಯ ಕ್ಲೀನರ್ ಹುಡುಗನ ಐದು ವರ್ಷ.
ಆ ಟೀಗಳನ್ನೆಲ್ಲ ಕುಡಿದವರು ಯಾರೋ,
ಕೊಟ್ಟವರು ಇವರು.
ಅದನ್ನು ತೆಗೆದು ತೋರಿಸಬಹುದಿತ್ತು. ತೋರಿಸಲಿಲ್ಲ.
ಬದಲು ಕೇಳಿದರು, ಪಾಟಿ ಸವಾಲಿನ ದನಿಯಲ್ಲಿ:

'ನಿಮ್ಮ ಅಂಗಡೀಲಿ ಮೀನು ತೂಗೋದು ಹೇಗಮ್ಮ?
ಕೊಯ್ಯೋ ಮೊದಲೋ, ಕೊಯ್ದ ಮೇಲೋ?'

ಬೇಬಕ್ಕ ನಕ್ಕಳು. ಮೂರು ವರ್ಷದಲ್ಲಿ
ಆ ಹಲ್ಲುಗಳನ್ನು ನಾನು ನೋಡಿದ್ದೇ ಇಲ್ಲ.
'ಕೊಯ್ಯೋ ಮೊದಲೇ ಸಾರ್. ತಲೆ, ಕರುಳು, ರೆಕ್ಕೆ ಎಲ್ಲ ಸೇರಿ.
ಅದಕ್ಕೇ ಕೇಳಿದ್ದು.'

ಫ್ಯಾನು ತಿರುಗಿತು.
ಹೊರಗೆ ಯಾರದೋ ಹೆಸರನ್ನು ಮೂರು ಸಲ ಕೂಗಿದರು.

'ಆಮೇಲೆ,' ಅಂದರು ಸಾಹೇಬರು,
'ತೆಗೆದ ಮೇಲೇ ಹಾಕು ಮಂಜಪ್ಪಯ್ಯ.'
ಹಾಕಿದೆ. ಎಂಟು ಸಾವಿರ
ಮೇಜಿನ ಆ ಕಡೆಯಿಂದ ಈ ಕಡೆಗೆ ಬಂತು,
ಸದ್ದಿಲ್ಲದೆ, ಬಾಲ ಕೂಡ ಆಡಿಸದೆ.

ಮುಂದಿನ ಭಾನುವಾರ ಮಾರ್ಕೆಟ್ಟಿಗೆ ಹೋದೆ.
ಬೇಬಕ್ಕ ಸ್ಟೂಲಿನ ಮೇಲೆ, ಹೊಸ ಚಪ್ಪಲಿ, ಒಂದಕ್ಕೆ ದಪ್ಪ ಅಟ್ಟೆ.
ಒಂದು ಕೇಜಿ ಬಂಗುಡೆ ತಕ್ಕಡಿಗೆ ಬಿತ್ತು,
ಇಡಿಯಾಗಿ, ಕಣ್ಣು ಬಿಟ್ಟುಕೊಂಡು.
ದುಡ್ಡು ಎಣಿಸಿ ಕೊಟ್ಟೆ. ಆಮೇಲೆ ಕತ್ತಿ ಹಿಡಿದಳು.

'ತಲೆ ಬೇಕಾ ಗುಮಾಸ್ತರೇ, ಬಿಸಾಡಲಾ?'

ಹಾಕು ತಾಯಿ, ಅಂದೆ.
ಅದಕ್ಕೂ ಕೊಟ್ಟಿದ್ದೇನೆ.